ಸಮಿತಿ ಕೊಠಡಿಯಿಂದ ವಿಶೇಷ ನ್ಯಾಯಾಲಯದವರೆಗೆ: ಲೋಕಪಾಲ ಸಂಸ್ಥೆ ಮತ್ತು ಸಾಕ್ಷ್ಯದ ಹಸ್ತಾಂತರ

ದೆಹಲಿಯ ದಕ್ಷಿಣ ಭಾಗದಲ್ಲಿ, ಅರಾವಳಿಯ ಕಲ್ಲುದಿಣ್ಣೆಗಳಿಗೂ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಆವರಣಕ್ಕೂ ಸಮೀಪದಲ್ಲಿರುವ ವಸಂತ್ ಕುಂಜ್‌ನ ಸಾಂಸ್ಥಿಕ ಪ್ರದೇಶದ ಎರಡನೆಯ ಹಂತದಲ್ಲಿ, ಆರನೆಯ ನಿವೇಶನದಲ್ಲಿ, ಕೇಂದ್ರದ ಸಾರ್ವಜನಿಕ ಸೇವಕರ ಮೇಲಿನ ಭ್ರಷ್ಟಾಚಾರದ ದೂರುಗಳನ್ನು ವಿಚಾರಿಸುವ ಭಾರತದ ಲೋಕಪಾಲ ಸಂಸ್ಥೆಯ ಕಚೇರಿಯಿದೆ.  2019ರ ಮಾರ್ಚ್‌ನಲ್ಲಿ ಮೊದಲ ಅಧ್ಯಕ್ಷರ ನೇಮಕವಾದಾಗ ಸ್ವಂತ ನೆಲೆಯಿಲ್ಲದೆ ಚಾಣಕ್ಯಪುರಿಯ ಅಶೋಕ ಹೋಟೆಲಿನ ಕೋಣೆಗಳಲ್ಲಿ ಕೆಲಸ ಆರಂಭಿಸಿದ ಈ ಸಂಸ್ಥೆಯು 2020ರಲ್ಲಿ ಇಲ್ಲಿಗೆ ಬಂದಿತು. ಅದಕ್ಕೆ ಮೊದಲು ಈ ನಿವೇಶನವು, ಕೋರ್ಟಿನ ಮೆಟ್ಟಿಲು ಹತ್ತದೆ ವ್ಯಾಜ್ಯಗಳನ್ನು ಬಗೆಹರಿಸಿಕೊಳ್ಳಲು ನೆರವಾಗಲೆಂದು 1995ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಪರ್ಯಾಯ ವ್ಯಾಜ್ಯ ಪರಿಹಾರ ಕೇಂದ್ರದ ವಿಳಾಸವಾಗಿತ್ತು.

ಲೋಕಪಾಲ ಸಂಸ್ಥೆಯ ಚರಿತ್ರೆಯನ್ನು ಸಾಮಾನ್ಯವಾಗಿ ಚಳವಳಿಯ ಚರಿತ್ರೆಯಾಗಿ ಹೇಳುವುದು ರೂಢಿ. ಆದರೆ ಆಡಳಿತದ ಇತಿಹಾಸವನ್ನು ಗಮನಿಸುವವರಿಗೆ ಅದರಲ್ಲಿ ಇನ್ನೊಂದು ಎಳೆ ಕಾಣುತ್ತದೆ. ಶಾಸನಸಭೆಯು ತನ್ನ ಸಮಿತಿಗಳ ಮೂಲಕ ನಡೆಸುವ ತನಿಖೆಗೂ, ಅಭಿಯೋಜಕರು, ಎಂದರೆ ಸರ್ಕಾರದ ಪರವಾಗಿ ನ್ಯಾಯಾಲಯದಲ್ಲಿ ಆರೋಪ ಹೊರಿಸಿ ಅದನ್ನು ಸಾಬೀತುಪಡಿಸುವ ಹೊಣೆ ಹೊತ್ತವರು, ನಡೆಸುವ ಮೊಕದ್ದಮೆಗೂ ನಡುವೆ ಈ ದೇಶದಲ್ಲಿ ದೀರ್ಘಕಾಲದಿಂದ ಒಂದು ಕಂದರವಿದ್ದು, ಒಂದು ಕಡೆ ಸಿಕ್ಕಿದ ಕಾಗದಪತ್ರ ಹಾಗೂ ಹೇಳಿಕೆಗಳು ಇನ್ನೊಂದು ಕಡೆಗೆ ಯಾರ ಅಪ್ಪಣೆಯಿಂದ, ಯಾವ ಷರತ್ತಿನ ಮೇಲೆ, ಯಾವ ಬೆಲೆಯೊಂದಿಗೆ ಹೋಗಬೇಕೆಂಬುದು ಇತ್ಯರ್ಥವಾಗದೆ ಉಳಿದಿತ್ತು. ಆ ಕಂದರದ ಒಂದು ಭಾಗಕ್ಕೆ ಲೋಕಪಾಲ ಕಾಯ್ದೆ ಸೇತುವೆ ಹಾಕಿತು. ಇನ್ನೊಂದು ಭಾಗವು ಇಂದಿಗೂ ಹಾಗೆಯೇ ಇದೆ. ಈ ಎರಡನ್ನೂ ಒಟ್ಟಿಗೆ ನೋಡಿದಾಗ ಎದ್ದು ಕಾಣುವ ಸಂಗತಿಯೆಂದರೆ, ಸಾಕ್ಷ್ಯವು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ ಆರೋಪಿತನು ಅದನ್ನು ಪ್ರಶ್ನಿಸುವ ಹಕ್ಕೂ ಅದರ ಜೊತೆಯಲ್ಲೇ ದಾಟದಿದ್ದರೆ, ಎಷ್ಟೇ ಶ್ರಮಪಟ್ಟು ಸಂಗ್ರಹಿಸಿದ ಸಾಕ್ಷ್ಯವಾದರೂ ನ್ಯಾಯಾಲಯದ ಬಾಗಿಲಲ್ಲಿ ನಿಂತುಬಿಡುತ್ತದೆ ಎಂಬುದು.

ಲೋಕಪಾಲದ ಮೂಲ ಪುರುಷನು ಶಾಸನಸಭೆಯದೇ ತನಿಖಾಧಿಕಾರಿ. 1809ರಲ್ಲಿ ಸ್ವೀಡನ್ ದೇಶವು ಸೃಷ್ಟಿಸಿದ ಒಂಬುಡ್ಸ್‌ಮನ್ ಹುದ್ದೆಯು, ಅರಸನ ಅಧಿಕಾರಿಗಳು ಕಾನೂನಿನಂತೆ ನಡೆಯುತ್ತಿರುವರೇ ಎಂಬುದನ್ನು ಸಂಸತ್ತಿನ ಪರವಾಗಿ ನೋಡಿಕೊಳ್ಳುವ ಹುದ್ದೆಯಾಗಿತ್ತು. 1967ರಲ್ಲಿ ಬ್ರಿಟನ್ನಿನಲ್ಲಿ ಅಂಥದೇ ಹುದ್ದೆ ಬಂದಾಗ ನಾಗರಿಕನ ದೂರು ಸಂಸತ್ ಸದಸ್ಯನ ಮೂಲಕವೇ ಹೋಗಬೇಕೆಂದು ವಿಧಿಸಲಾಯಿತು. ಭಾರತದಲ್ಲಿ 1963ರಲ್ಲಿ ಲೋಕಸಭೆಯ ಸದಸ್ಯರಾಗಿದ್ದ ಎಲ್.ಎಂ. ಸಿಂಘ್ವಿಯವರು ಲೋಕಪಾಲ ಎಂಬ ಹೆಸರನ್ನು ಚಲಾವಣೆಗೆ ತಂದರು. ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗವು 1966ರಲ್ಲಿ ಕೇಂದ್ರಕ್ಕೆ ಲೋಕಪಾಲರನ್ನೂ ರಾಜ್ಯಗಳಿಗೆ ಲೋಕಾಯುಕ್ತರನ್ನೂ ಶಿಫಾರಸು ಮಾಡಿತು. 1968ರಲ್ಲಿ ಮೊದಲ ಮಸೂದೆ ಮಂಡನೆಯಾಗಿ ಲೋಕಸಭೆಯ ಒಪ್ಪಿಗೆಯನ್ನೂ ಪಡೆಯಿತಾದರೂ ಸದನದ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ಅನಂತರದ ಮಸೂದೆಗಳ ಕಥೆಯೂ ಹೆಚ್ಚುಕಡಿಮೆ ಇಂಥದೇ.

2011ರ ಏಪ್ರಿಲ್‌ನಲ್ಲಿ ಲೋಕಪಾಲ ಶಾಸನಕ್ಕಾಗಿ ಅಣ್ಣಾ ಹಜಾರೆಯವರು ನಡೆಸಿದ ಉಪವಾಸದ ಬೆನ್ನಿಗೆ ರಚನೆಯಾದ ಜಂಟಿ ಕರಡು ಸಮಿತಿಯಲ್ಲಿ ಕನ್ನಡ ನಾಡಿನ ಇಬ್ಬರು ಎದುರುಬದುರಾಗಿ ಕುಳಿತಿದ್ದರು. ಆಗ ಕರ್ನಾಟಕದ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು ನಾಗರಿಕ ಸಮಾಜದ ಐವರಲ್ಲಿ ಒಬ್ಬರಾಗಿದ್ದರೆ, ಕೇಂದ್ರದ ಕಾನೂನು ಸಚಿವರೂ, ಒಂದು ಕಾಲಕ್ಕೆ ಕಾರ್ಕಳದ ಶಾಸಕರೂ ಕರ್ನಾಟಕದ ಮುಖ್ಯಮಂತ್ರಿಗಳೂ ಆಗಿದ್ದ ವೀರಪ್ಪ ಮೊಯಿಲಿಯವರು ಸರ್ಕಾರದ ಐವರಲ್ಲಿ ಒಬ್ಬರಾಗಿದ್ದರು. ಹೆಗ್ಡೆಯವರ ತಂದೆ ಕೆ.ಎಸ್. ಹೆಗ್ಡೆಯವರು ಲೋಕಸಭೆಯ ಸ್ಪೀಕರ್ ಆಗಿದ್ದವರು ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಏಕೆಂದರೆ ಸಮಿತಿಯ ಸಾಕ್ಷ್ಯವು ಹೊರಗೆ ಹೋಗಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ಅಧಿಕಾರವು ನಮ್ಮ ವ್ಯವಸ್ಥೆಯಲ್ಲಿ ಬಹುಮಟ್ಟಿಗೆ ಆ ಪೀಠದಲ್ಲಿಯೇ ನೆಲೆಗೊಂಡಿದೆ. ಒಮ್ಮತ ಮೂಡದೆ ಕರಡುಗಳು ಎರಡಾದವು, ಮಸೂದೆಯು ಸ್ಥಾಯೀ ಸಮಿತಿ ಮತ್ತು ರಾಜ್ಯಸಭೆಯ ಆಯ್ಕೆ ಸಮಿತಿಗಳನ್ನು ದಾಟಿ 2013ರ ಡಿಸೆಂಬರ್ 17 ಮತ್ತು 18ರಂದು ಉಭಯ ಸದನಗಳ ಅಂಗೀಕಾರ ಪಡೆಯಿತು; ಲೋಕಪಾಲ ಮತ್ತು ಲೋಕಾಯುಕ್ತ ಕಾಯ್ದೆ, 2013 ಎಂಬ ಹೆಸರಿನ ಆ ಶಾಸನವು 2014ರ ಜನವರಿ 16ರಂದು ಜಾರಿಗೆ ಬಂದಿತು. ಮೊದಲ ಅಧ್ಯಕ್ಷರಾಗಿ ನ್ಯಾಯಮೂರ್ತಿ ಪಿನಾಕಿ ಚಂದ್ರ ಘೋಷ್ ಅವರು ನೇಮಕಗೊಳ್ಳಲು ಮತ್ತೆ ಐದು ವರ್ಷ ಹಿಡಿಯಿತು.

ಕಾಯ್ದೆಯು ಏನನ್ನು ಸರಿಪಡಿಸಿತು ಎಂಬುದು ಮನದಟ್ಟಾಗಬೇಕಾದರೆ, ಅದಕ್ಕೆ ಮೊದಲು ಸಂಸತ್ತಿನ ಸಮಿತಿ ಕೊಠಡಿಯಲ್ಲಿ ಸಾಕ್ಷ್ಯದ ಸ್ಥಿತಿಗತಿ ಹೇಗಿತ್ತು, ಇಂದಿಗೂ ಹೇಗಿದೆ, ಎಂಬುದನ್ನು ತಿಳಿಯಬೇಕು. ಲೋಕಸಭೆಯ ಕಾರ್ಯವಿಧಾನ ನಿಯಮಗಳ ಪ್ರಕಾರ ಸಮಿತಿಯು ವ್ಯಕ್ತಿಗಳನ್ನು ಕರೆಸಬಹುದು, ದಾಖಲೆಗಳನ್ನು ತರಿಸಬಹುದು, ಪ್ರಮಾಣವಚನ ಬೋಧಿಸಿ ಹೇಳಿಕೆ ಪಡೆಯಬಹುದು. ದೇಶದ ಸುರಕ್ಷತೆಗೆ ಅಥವಾ ಹಿತಕ್ಕೆ ಧಕ್ಕೆಯಾಗುತ್ತದೆಂಬ ಕಾರಣ ನೀಡಿ ಸರ್ಕಾರವು ಯಾವುದಾದರೊಂದು ದಾಖಲೆಯನ್ನು ಕೊಡಲು ನಿರಾಕರಿಸಬಹುದು. ಹೀಗೆ ಸಂಗ್ರಹವಾದ ಸಾಕ್ಷ್ಯವನ್ನು 275ನೆಯ ನಿಯಮವು ಬಿಗಿಯಾಗಿ ಕಟ್ಟಿಡುತ್ತದೆ: ಸದನದ ಮೇಜಿನ ಮೇಲೆ ಮಂಡನೆಯಾಗದ ಯಾವ ಹೇಳಿಕೆ, ಯಾವ ಕಾಗದ, ಯಾವ ನಡಾವಳಿಯನ್ನೂ ಸ್ಪೀಕರ್ ಅವರ ಅನುಮತಿಯಿಲ್ಲದೆ ಯಾರೂ ಪರಿಶೀಲಿಸುವಂತಿಲ್ಲ. ಸದನಕ್ಕೆ ಸಂಬಂಧಿಸಿದ ದಾಖಲೆಯೊಂದು ನ್ಯಾಯಾಲಯಕ್ಕೆ ಬೇಕಾದಾಗ ಸದನದ ಅನುಮತಿಯನ್ನು ಕೇಳಬೇಕೆಂಬ, ಅಧಿವೇಶನ ಇಲ್ಲದಿದ್ದಾಗ ಸ್ಪೀಕರ್ ಅವರೇ ತೀರ್ಮಾನಿಸಬಹುದೆಂಬ ಪದ್ಧತಿಯು ಎರಡನೆಯ ಲೋಕಸಭೆಯ ಹಕ್ಕುಬಾಧ್ಯತಾ ಸಮಿತಿ 1957ರಲ್ಲಿ ನೀಡಿದ ವರದಿಯಿಂದ ಬಂದದ್ದು. ಇದರ ಉದ್ದೇಶ ಒಳ್ಳೆಯದೇ. ಸಮಿತಿಯ ಮುಂದೆ ಬಂದು ನಿಜ ನುಡಿದ ಅಧಿಕಾರಿಗೆ ಅಥವಾ ನಾಗರಿಕನಿಗೆ ಆ ಮಾತಿಗಾಗಿ ಯಾರಾದರೂ ಕಿರುಕುಳ ಕೊಟ್ಟರೆ ಅದು ಸದನದ ಹಕ್ಕುಚ್ಯುತಿಯಾಗುತ್ತದೆ. ಆ ರಕ್ಷಣೆಯಿಲ್ಲದಿದ್ದರೆ ಸಮಿತಿಯ ಮುಂದೆ ಬಾಯಿಬಿಡುವವರೇ ಇರುತ್ತಿರಲಿಲ್ಲ. ಆದರೆ ಇದೇ ರಕ್ಷಣೆಯು ತನಿಖಾ ಸಂಸ್ಥೆಗೆ ಗೋಡೆಯಾಗಿಯೂ ನಿಲ್ಲುತ್ತದೆ.

ಗೋಡೆಯ ಇನ್ನೊಂದು ಮಗ್ಗುಲನ್ನು ಸುಪ್ರೀಂ ಕೋರ್ಟ್ 2018ರ ಮೇ 9ರಂದು ಕಲ್ಪನಾ ಮೆಹ್ತಾ ಪ್ರಕರಣದಲ್ಲಿ ವಿವರಿಸಿತು. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಪ್ರಯೋಗಗಳಿಗೆ ಸಂಬಂಧಿಸಿದ ಆ ಮೊಕದ್ದಮೆಯಲ್ಲಿ ಸಂಸದೀಯ ಸ್ಥಾಯೀ ಸಮಿತಿಯ ವರದಿಯನ್ನು ಅರ್ಜಿದಾರರು ಆಧಾರವಾಗಿ ಮುಂದಿಟ್ಟಿದ್ದರು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಅಂಥ ವರದಿಯೊಂದು ಇದೆಯೆಂಬುದನ್ನು ನ್ಯಾಯಾಲಯ ಗಮನಕ್ಕೆ ತೆಗೆದುಕೊಳ್ಳಬಹುದು, ಕಾನೂನಿನ ಅರ್ಥ ತಿಳಿಯಲು ಅದರ ನೆರವು ಪಡೆಯಬಹುದು, ಆದರೆ ವಿವಾದಿತ ಸಂಗತಿಯೊಂದನ್ನು ಸಾಬೀತುಪಡಿಸಲು ವರದಿಯ ಮಾತೇ ಸಾಕ್ಷ್ಯವಾಗಲಾರದು, ಅದನ್ನು ಬೇರೆ ಸಾಕ್ಷ್ಯದಿಂದ ಸ್ವತಂತ್ರವಾಗಿ ರುಜುವಾತುಪಡಿಸಬೇಕು ಎಂದಿತು. ವರದಿಯನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ಪ್ರಶ್ನಿಸಲಾಗದ ಕಾರಣಕ್ಕೇ ಅದನ್ನು ಒಬ್ಬನ ವಿರುದ್ಧ ಪುರಾವೆಯಾಗಿ ಬಳಸುವಂತೆಯೂ ಇಲ್ಲ. ಈ ತೀರ್ಪಿನಲ್ಲಿರುವ ನ್ಯಾಯಬುದ್ಧಿ ಮೆಚ್ಚತಕ್ಕದ್ದು.

ಇಂಥ ಗೋಡೆಯ ನಡುವೆಯೂ ಹಿಂದೊಮ್ಮೆ ಸದನದ ಸಮಿತಿಯೊಂದು ನ್ಯಾಯಾಲಯಕ್ಕೆ ಸರಿಸಾಟಿಯಾದ ಎಚ್ಚರದಿಂದ ಸಾಕ್ಷ್ಯವನ್ನು ಒರೆಗೆ ಹಚ್ಚಿದ ಉದಾಹರಣೆಯಿದ್ದು, ಅದರ ಕೇಂದ್ರದಲ್ಲಿದ್ದ ವ್ಯಕ್ತಿಯ ಹೆಸರೇ ಕನ್ನಡ ನೆಲದ ಬೇರನ್ನು ತೋರಿಸುತ್ತದೆ. ಹುಚ್ಚೇಶ್ವರ ಗುರುಸಿದ್ಧ ಮುದ್ಗಲ್ ಅವರು ಪತ್ರಕರ್ತರು. ಅಮೆರಿಕದ ನ್ಯೂಯಾರ್ಕಿನಲ್ಲಿ ಕಪ್ಪು ಜನರ ಏಳಿಗೆಗೆಂದು ಹುಟ್ಟಿದ ಮಾರ್ಕಸ್ ಗಾರ್ವಿಯ ಚಳವಳಿಯ ಪತ್ರಿಕೆಯಾಗಿದ್ದ ನೀಗ್ರೋ ವರ್ಲ್ಡ್‌ನಲ್ಲಿ ದುಡಿದು, ಭಾರತಕ್ಕೆ ಮರಳಿ, ತಾತ್ಕಾಲಿಕ ಸಂಸತ್ತಿನಲ್ಲಿ ಮುಂಬಯಿಯನ್ನು ಪ್ರತಿನಿಧಿಸುತ್ತಿದ್ದವರು. ಮುಂಬಯಿಯ ಚಿನ್ನ-ಬೆಳ್ಳಿ ವ್ಯಾಪಾರಿಗಳ ಸಂಘದಿಂದ ಹಣ ಪಡೆದು ಅದರ ಪರವಾಗಿ ಸದನದಲ್ಲಿ ಪ್ರಶ್ನೆ ಕೇಳಿದರು, ತಿದ್ದುಪಡಿಗಳನ್ನು ಸೂಚಿಸಿದರು ಎಂಬ ಆರೋಪ ಅವರ ಮೇಲೆ ಬಂದಾಗ, 1951ರ ಜೂನ್ 8ರಂದು ಪ್ರಧಾನಿ ನೆಹರೂ ಅವರ ಗೊತ್ತುವಳಿಯಂತೆ ಟಿ.ಟಿ. ಕೃಷ್ಣಮಾಚಾರಿಯವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಸಮಿತಿಗೆ ದೇಶದ ಅಟಾರ್ನಿ ಜನರಲ್, ಎಂದರೆ ಸರ್ಕಾರದ ಅತ್ಯುನ್ನತ ಕಾನೂನು ಅಧಿಕಾರಿ, ಆಗಿದ್ದ ಎಂ.ಸಿ. ಸೆಟಲ್ವಾಡ್ ಅವರ ನೆರವು ದೊರೆಯಿತು. ಮುದ್ಗಲ್ ಅವರಿಗೆ ವಕೀಲರನ್ನು ಇಟ್ಟುಕೊಳ್ಳಲು, ಎದುರು ಸಾಕ್ಷಿಗಳಿಗೆ ಪಾಟಿ ಸವಾಲು ಹಾಕಲು, ತಮ್ಮ ಪರವಾದ ಸಾಕ್ಷ್ಯ ಒದಗಿಸಲು ಅವಕಾಶ ದೊರೆಯಿತು. ಪಾಟಿ ಸವಾಲು ಎಂದರೆ ಸಾಕ್ಷಿಯೊಬ್ಬನು ಹೇಳಿದ್ದನ್ನು ಎದುರು ಪಕ್ಷವು ಪ್ರಶ್ನೆಗಳಿಂದ ಕೆದಕಿ ಪರೀಕ್ಷಿಸುವ ಕ್ರಮ. ಕ್ರಿಮಿನಲ್ ನ್ಯಾಯದ ಜೀವಾಳವೇ ಅದು. ಆರೋಪ ಸಾಬೀತಾಗಿದೆಯೆಂದು ಸಮಿತಿ ವರದಿ ನೀಡಿತು, ಸೆಪ್ಟೆಂಬರ್ 24ರಂದು ಸದನದಲ್ಲಿ ಚರ್ಚೆ ನಡೆಯುತ್ತಿದ್ದಂತೆ ಮುದ್ಗಲ್ ರಾಜೀನಾಮೆ ಕೊಟ್ಟರು, ಅವರು ಉಚ್ಚಾಟನೆಗೆ ಅರ್ಹರಾಗಿದ್ದರೆಂದು ಸದನ ನಿರ್ಣಯಿಸಿತು. ಸಂವಿಧಾನ ಜಾರಿಗೆ ಬಂದ ಮರುವರ್ಷವೇ, ಇನ್ನೂ ಸಾರ್ವತ್ರಿಕ ಚುನಾವಣೆಯನ್ನೂ ಕಾಣದ ಸಂಸತ್ತು ಇಷ್ಟು ಸಮಾಧಾನದಿಂದ, ಇಷ್ಟು ಘನತೆಯಿಂದ ಒಬ್ಬ ಸದಸ್ಯನ ಮೇಲಿನ ಆರೋಪವನ್ನು ವಿಚಾರಿಸಿತೆಂಬುದು ನಮ್ಮ ಸಂಸದೀಯ ಚರಿತ್ರೆಯ ಅಭಿಮಾನದ ಪುಟಗಳಲ್ಲಿ ಒಂದು.

ಅನಂತರದ ದಶಕಗಳಲ್ಲಿ ಆ ಸಮಾಧಾನ ಉಳಿಯಲಿಲ್ಲ. 2005ರ ಡಿಸೆಂಬರ್ 12ರಂದು ಖಾಸಗಿ ವಾಹಿನಿಯೊಂದು ಗುಪ್ತ ಕ್ಯಾಮೆರಾದ ದೃಶ್ಯಗಳನ್ನು ಬಿತ್ತರಿಸಿತು. ಪ್ರಶ್ನೆ ಕೇಳಲು ಹಣ ಪಡೆದರೆಂಬ ಆರೋಪದ ಮೇಲೆ ಲೋಕಸಭೆಯ ಹತ್ತು ಮಂದಿ, ರಾಜ್ಯಸಭೆಯ ಒಬ್ಬ ಸದಸ್ಯರು ಡಿಸೆಂಬರ್ 23ರಂದು ಉಚ್ಚಾಟಿತರಾದರು. ಸದನಕ್ಕೆ ಹನ್ನೊಂದು ದಿನ ಸಾಕಾಯಿತು. ಅದೇ ದೃಶ್ಯಗಳ ಆಧಾರದ ಕ್ರಿಮಿನಲ್ ಪ್ರಕರಣದಲ್ಲಿ ದೋಷಾರೋಪ ನಿಗದಿಯಾಗುವ ಹೊತ್ತಿಗೆ 2017 ಬಂದಿತ್ತು. ಉಚ್ಚಾಟನೆಯ ಅಧಿಕಾರವನ್ನು 2007ರ ಜನವರಿಯಲ್ಲಿ ರಾಜಾರಾಮ್ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತಾದರೂ, ಸದನದ ಶಿಸ್ತುಕ್ರಮವೂ ಕ್ರಿಮಿನಲ್ ಮೊಕದ್ದಮೆಯೂ ಒಂದೇ ಕಾಗದಪತ್ರಗಳ ಮೇಲೆ ಬೇರೆಬೇರೆ ವೇಗದಲ್ಲಿ ನಡೆಯುತ್ತವೆಂಬ ಸಂಗತಿ ಆಗಲೇ ಸ್ಪಷ್ಟವಾಗಿತ್ತು.

ಜಂಟಿ ಸಂಸದೀಯ ಸಮಿತಿಗಳು, ಎಂದರೆ ಎರಡೂ ಸದನಗಳ ಸದಸ್ಯರನ್ನು ಕೂಡಿಸಿ ನಿರ್ದಿಷ್ಟ ಹಗರಣವೊಂದರ ವಿಚಾರಣೆಗೆಂದು ರಚಿಸುವ ಸಮಿತಿಗಳು, ಇದೇ ತೊಡಕನ್ನು ಬೇರೆ ರೀತಿಯಲ್ಲಿ ಅನುಭವಿಸಿವೆ. ಅವುಗಳಲ್ಲಿ ಮೊದಲನೆಯದಾದ, ಬೋಫೋರ್ಸ್ ಫಿರಂಗಿ ಖರೀದಿಯ ಆರೋಪ ವಿಚಾರಿಸಿದ ಸಮಿತಿಯ ಅಧ್ಯಕ್ಷರು ಚಿಕ್ಕೋಡಿಯ ಸಂಸದ ಬಿ. ಶಂಕರಾನಂದ. ಪ್ರಮುಖ ವಿರೋಧ ಪಕ್ಷಗಳು ಹೊರಗುಳಿದಿದ್ದ ಆ ಸಮಿತಿಯು 1988ರ ಏಪ್ರಿಲ್‌ನಲ್ಲಿ ವರದಿ ಮಂಡಿಸಿ, ಲಂಚದ ಆರೋಪಕ್ಕೆ ಪುರಾವೆಯಿಲ್ಲವೆಂದಿತು. ಅದೇ ವ್ಯವಹಾರದ ಬಗ್ಗೆ ಕೇಂದ್ರೀಯ ತನಿಖಾ ದಳ, ಜನರ ಬಾಯಲ್ಲಿ ಸಿಬಿಐ, 1990ರ ಜನವರಿ 22ರಂದು ಪ್ರಥಮ ವರ್ತಮಾನ ವರದಿಯನ್ನು ದಾಖಲಿಸಿತು. ನಿರ್ಣಾಯಕವಾದ ಕಾಗದಗಳಿದ್ದದ್ದು ಸ್ವಿಟ್ಜರ್ಲೆಂಡಿನ ಬ್ಯಾಂಕುಗಳಲ್ಲಿ. ಸಂಸತ್ತಿನ ಸಮಿತಿಯ ಸಮನ್ಸು ದೇಶದ ಗಡಿಯಾಚೆ ನಡೆಯುವುದಿಲ್ಲ, ಒಂದು ದೇಶದ ನ್ಯಾಯಾಲಯ ಇನ್ನೊಂದು ದೇಶದ ನ್ಯಾಯಾಲಯಕ್ಕೆ ಬರೆಯುವ ಕೋರಿಕೆ ಪತ್ರ ಮಾತ್ರ ನಡೆಯುತ್ತದೆ. ಆ ಮಾರ್ಗದಲ್ಲಿ ಮೊದಲ ಕಂತಿನ ದಾಖಲೆಗಳು ಭಾರತದ ಕೈಸೇರಿದ್ದು 1997ರಲ್ಲಿ. 2ಜಿ ಮೊಬೈಲ್ ತರಂಗಗುಚ್ಛ ಹಂಚಿಕೆಯ ಪ್ರಕರಣದಲ್ಲಂತೂ ಸಾರ್ವಜನಿಕ ಲೆಕ್ಕಪತ್ರ ಸಮಿತಿ, ಜಂಟಿ ಸಂಸದೀಯ ಸಮಿತಿ, ಸುಪ್ರೀಂ ಕೋರ್ಟಿನ ನಿಗಾದಲ್ಲಿದ್ದ ಸಿಬಿಐ ತನಿಖೆ, ಈ ಮೂರೂ ಏಕಕಾಲಕ್ಕೆ ಒಂದೇ ಕಡತಗಳ ಸುತ್ತ ನಡೆದವು; 2011ರ ಏಪ್ರಿಲ್‌ನಲ್ಲಿ ಸಿಬಿಐ ನಿರ್ದೇಶಕರನ್ನು ಲೆಕ್ಕಪತ್ರ ಸಮಿತಿಯು ಕರೆಸಿದಾಗ, ವಿಚಾರಣೆ ನ್ಯಾಯಾಲಯದಲ್ಲಿರುವಾಗ ಇದು ಸರಿಯೇ ಎಂದು ಸಮಿತಿಯ ಸದಸ್ಯರೇ ತಕರಾರು ಎತ್ತಿದರು.

ಸಾಕ್ಷ್ಯ ಹಂಚಿಕೊಳ್ಳುವುದರ ಅಪಾಯವನ್ನು ಅತ್ಯಂತ ನಿಚ್ಚಳವಾಗಿ ತೋರಿಸಿದ ಪ್ರಕರಣ ಅಮೆರಿಕದ್ದು. 1987ರ ಬೇಸಿಗೆಯಲ್ಲಿ ಇರಾನಿಗೆ ಶಸ್ತ್ರ ಮಾರಿದ ಹಣವನ್ನು ನಿಕರಾಗುವದ ಬಂಡುಕೋರರಿಗೆ ಗುಟ್ಟಾಗಿ ರವಾನಿಸಿದ ಇರಾನ್-ಕಾಂಟ್ರಾ ಹಗರಣವನ್ನು ವಿಚಾರಿಸುತ್ತಿದ್ದ ಕಾಂಗ್ರೆಸ್ಸಿನ ಸಮಿತಿಗಳು ಆಲಿವರ್ ನಾರ್ತ್ ಎಂಬ ಸೇನಾಧಿಕಾರಿಗೆ, ಅವನು ಹೇಳಿದ್ದನ್ನು ಅವನ ವಿರುದ್ಧವೇ ಬಳಸುವುದಿಲ್ಲವೆಂಬ ಅಭಯವಿತ್ತು ಸಾಕ್ಷ್ಯ ನುಡಿಸಿದವು. ಆ ಸಾಕ್ಷ್ಯವನ್ನು ಇಡೀ ದೇಶ ಟಿ.ವಿ.ಯಲ್ಲಿ ನೋಡಿತು. ಸ್ವತಂತ್ರ ಅಭಿಯೋಜಕರಾಗಿದ್ದ ಲಾರೆನ್ಸ್ ವಾಲ್ಷ್ ಅವರು ಮುಂದಾಲೋಚನೆಯಿಂದ, ಅದುವರೆಗೆ ತಾವು ಕಲೆಹಾಕಿದ್ದ ಪುರಾವೆಗಳನ್ನೆಲ್ಲ ಮೊಹರು ಮಾಡಿಸಿ ನ್ಯಾಯಾಲಯದ ವಶದಲ್ಲಿರಿಸಿದರು, ತಮ್ಮ ತಂಡದವರು ಆ ಪ್ರಸಾರವನ್ನಾಗಲಿ ಪತ್ರಿಕಾ ವರದಿಗಳನ್ನಾಗಲಿ ನೋಡಬಾರದೆಂದು ಕಟ್ಟುಮಾಡಿದರು. ಇಷ್ಟಾದರೂ 1989ರಲ್ಲಿ ಬಂದ ಶಿಕ್ಷೆ 1990ರಲ್ಲಿ ಮೇಲ್ಮನವಿಯಲ್ಲಿ ನಿಲ್ಲಲಿಲ್ಲ: ಅಭಿಯೋಜಕರು ನೋಡದಿದ್ದರೇನು, ಸಾಕ್ಷಿಗಳು ನೋಡಿದ್ದರಲ್ಲ, ಅವರ ನೆನಪಿಗೆ ನಾರ್ತ್‌ನ ಮಾತಿನ ಬಣ್ಣ ಮೆತ್ತಿಲ್ಲವೆಂದು ಹೇಗೆ ನಂಬುವುದು ಎಂಬುದು ಮೇಲ್ಮನವಿ ನ್ಯಾಯಾಲಯದ ಪ್ರಶ್ನೆಯ ಸಾರವಾಗಿತ್ತು. 1991ರಲ್ಲಿ ಮೊಕದ್ದಮೆ ಕೈಬಿಟ್ಟುಹೋಯಿತು. 2022ರಲ್ಲಿ, ಹಿಂದಿನ ವರ್ಷದ ಜನವರಿ 6ರಂದು ಅಮೆರಿಕದ ಸಂಸತ್ ಭವನದಲ್ಲಿ ನಡೆದ ಗಲಭೆಯನ್ನು ವಿಚಾರಿಸುತ್ತಿದ್ದ ಅಲ್ಲಿನ ಪ್ರತಿನಿಧಿ ಸಭೆಯ ಸಮಿತಿಯು ತನ್ನ ಸಾಕ್ಷಿಗಳ ಹೇಳಿಕೆಗಳನ್ನು ನ್ಯಾಯಾಂಗ ಇಲಾಖೆಗೆ ಕೇಳಿದೊಡನೆ ಕೊಡದೆ ತಿಂಗಳುಗಟ್ಟಲೆ ತಡೆದಾಗ ಆಕ್ಷೇಪವು ತಿರುಗುಮುರುಗಾಯಿತು. ಕೊಡದಿರುವುದರಿಂದ ನಡೆಯುತ್ತಿರುವ ಮೊಕದ್ದಮೆಗಳಿಗೆ ಅಡ್ಡಿಯಾಗುತ್ತಿದೆಯೆಂದು ಅಭಿಯೋಜಕರೇ ಪತ್ರ ಬರೆದರು.

ಇವೆಲ್ಲದರ ಹಿನ್ನೆಲೆಯಲ್ಲಿ ವಸಂತ್ ಕುಂಜ್‌ನ ಕಚೇರಿಗೆ ಬರುವ ದೂರೊಂದರ ಹಾದಿಯನ್ನು ಸಮೀಪದಿಂದ ನೋಡುವುದು ಸಾರ್ಥಕ. 2020ರ ಮಾರ್ಚ್ 2ರಂದು ಪ್ರಕಟವಾದ ದೂರು ನಿಯಮಗಳಂತೆ ದೂರುದಾರನು ನಿಗದಿತ ನಮೂನೆಯನ್ನು ಭರ್ತಿಮಾಡಿ, ಗುರುತಿನ ಪುರಾವೆಯೊಂದಿಗೆ, ಛಾಪಾ ಕಾಗದದ ಮೇಲೆ ಬರೆಸಿದ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ದೂರು ಕೊಡಲು ಅವಕಾಶವಿರುವುದರಿಂದ, ಹಾವೇರಿಯ ಅಂಚೆ ನೌಕರನೊಬ್ಬ ಅಥವಾ ಕಾಸರಗೋಡಿನ ಬ್ಯಾಂಕ್ ಗ್ರಾಹಕನೊಬ್ಬ ಕೇಂದ್ರ ಸರ್ಕಾರದ ಅಧಿಕಾರಿಯ ವಿರುದ್ಧ ಕನ್ನಡದಲ್ಲಿಯೇ ಬರೆದುಕೊಡಬಹುದು. ವಿಚಾರಣೆ ಅಥವಾ ತನಿಖೆ ಮುಗಿಯುವವರೆಗೆ ದೂರುದಾರನ ಹೆಸರನ್ನೂ ಆರೋಪಿತನ ಹೆಸರನ್ನೂ ಕಚೇರಿ ಗೋಪ್ಯವಾಗಿ ಕಾಯುತ್ತದೆ. ಘಟನೆ ನಡೆದು ಏಳು ವರ್ಷ ಮೀರಿದ್ದರೆ ದೂರು ನಿಲ್ಲುವುದಿಲ್ಲ. ಸುಳ್ಳು ದೂರಿಗೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ.

ಮೇಲ್ನೋಟಕ್ಕೆ ಹುರುಳಿದೆಯೆಂದು ಕಂಡರೆ ಕಾಯ್ದೆಯ 20ನೆಯ ಪ್ರಕರಣದ (ಸೆಕ್ಷನ್) ಪ್ರಕಾರ ಲೋಕಪಾಲವು ತನ್ನದೇ ವಿಚಾರಣಾ ವಿಭಾಗದಿಂದಾಗಲಿ ಸಿಬಿಐನಂಥ ಸಂಸ್ಥೆಯಿಂದಾಗಲಿ ಪ್ರಾಥಮಿಕ ವಿಚಾರಣೆ ನಡೆಸಬಹುದು, ಗ್ರೂಪ್ ಎ, ಬಿ, ಸಿ, ಡಿ ನೌಕರರ ಮೇಲಿನ ದೂರುಗಳನ್ನು ಕೇಂದ್ರ ಜಾಗೃತ ಆಯೋಗಕ್ಕೆ ಒಪ್ಪಿಸಬೇಕು. ಈ ಹಂತದಲ್ಲಿಯೇ ಆರೋಪಿತ ನೌಕರನ ಮತ್ತು ಅವನ ಮೇಲಿನ ಸಕ್ಷಮ ಪ್ರಾಧಿಕಾರದ ಅಭಿಪ್ರಾಯಗಳನ್ನು ಪಡೆಯಬೇಕು. ಅರವತ್ತು ದಿನಗಳಲ್ಲಿ ವರದಿ ಬರಬೇಕು. ವರದಿ ಬಂದ ಮೇಲೆ ಮೂವರಿಗೆ ಕಡಿಮೆಯಿಲ್ಲದ ಸದಸ್ಯರ ಪೀಠವು ನೌಕರನ ಅಹವಾಲು ಕೇಳಿ, ಪೂರ್ಣ ತನಿಖೆಗೆ ಆದೇಶಿಸುವುದೋ ಮುಕ್ತಾಯ ಹಾಡುವುದೋ ಎಂದು ತೀರ್ಮಾನಿಸಬೇಕು. ತನಿಖೆಗೆ ಆರು ತಿಂಗಳ ಗಡುವು. ಕಾರಣ ಬರೆದಿಟ್ಟು ಅದನ್ನು ವಿಸ್ತರಿಸಬಹುದು. ತನಿಖಾ ವರದಿಯು ವಿಶೇಷ ನ್ಯಾಯಾಲಯಕ್ಕೆ ಸಲ್ಲುತ್ತದೆ, ಅದರ ಪ್ರತಿ ಲೋಕಪಾಲಕ್ಕೆ ಬರುತ್ತದೆ, ಆಗ ಪೀಠವು ಮತ್ತೊಮ್ಮೆ ನೌಕರನ ಅಭಿಪ್ರಾಯ ಪಡೆದು ದೋಷಾರೋಪ ಪಟ್ಟಿ ಸಲ್ಲಿಕೆಗೆ ಮಂಜೂರಾತಿ ಕೊಡುತ್ತದೆ ಅಥವಾ ಕಡತ ಮುಗಿಸುತ್ತದೆ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಸಿವಿಲ್ ನ್ಯಾಯಾಲಯದ ಅಧಿಕಾರ, ದಾಖಲೆಗಳು ನಾಶವಾಗದಂತೆ ತಡೆಯುವ ಅಧಿಕಾರ, ಶೋಧ ಮತ್ತು ಜಪ್ತಿಯ ಅಧಿಕಾರ, ಇವೆಲ್ಲ ಸಂಸ್ಥೆಗಿವೆ. 25ನೆಯ ಪ್ರಕರಣವು, ಲೋಕಪಾಲವು ಒಪ್ಪಿಸಿದ ಪ್ರಕರಣಗಳ ಮಟ್ಟಿಗೆ ಸಿಬಿಐ ಮೇಲೆ ಅದಕ್ಕೆ ಮೇಲುಸ್ತುವಾರಿಯನ್ನು ಕೊಡುತ್ತದೆ. ಅಂಥ ಪ್ರಕರಣದ ತನಿಖಾಧಿಕಾರಿಯನ್ನು ಲೋಕಪಾಲದ ಒಪ್ಪಿಗೆಯಿಲ್ಲದೆ ವರ್ಗ ಮಾಡುವಂತಿಲ್ಲ.

ಈ ವ್ಯವಸ್ಥೆಯ ಗುಣವಿರುವುದು ಅಧಿಕಾರಗಳ ಈ ಪಟ್ಟಿಯಲ್ಲಿ ಅಲ್ಲ. ಕಡತವು ಒಂದು ಮೇಜಿನಿಂದ ಮುಂದಿನ ಮೇಜಿಗೆ ಹೋಗುವ ಪ್ರತಿ ತಿರುವಿನಲ್ಲಿಯೂ ಆರೋಪಿತನ ಉತ್ತರವನ್ನು ಅದೇ ಕಡತಕ್ಕೆ ಸೇರಿಸಬೇಕೆಂದು ಶಾಸನವು ವಿಧಿಸಿದೆ. ಸಮಿತಿ ಕೊಠಡಿಯ ನಿಯಮಗಳಲ್ಲಿ ಅಂಥ ಕಡ್ಡಾಯವಿಲ್ಲ. 1951ರಲ್ಲಿ ಮುದ್ಗಲ್ ಅವರಿಗೆ ಸಮಿತಿಯ ಔದಾರ್ಯದಿಂದ ದೊರೆತದ್ದು ಇಲ್ಲಿ ಕಾನೂನಿನ ಹಕ್ಕಾಗಿ ದೊರೆಯುತ್ತದೆ.

ಸಂಸತ್ತಿನ ಸಮಿತಿಯೂ ಲೋಕಪಾಲವೂ ಒಂದೇ ಆರೋಪವನ್ನು ವಿಚಾರಿಸುವ ಸಂದರ್ಭ ಬಂದರೆ ಏನಾಗಬೇಕೆಂಬ ಬಗ್ಗೆ ಕಾಯ್ದೆಯಲ್ಲಿರುವುದು ಚುಟುಕಾದ 15ನೆಯ ಪ್ರಕರಣ. ಭ್ರಷ್ಟಾಚಾರದ ಆರೋಪವೊಂದು ನ್ಯಾಯಾಲಯದ, ಸದನ ಸಮಿತಿಯ ಅಥವಾ ಬೇರೆ ಪ್ರಾಧಿಕಾರದ ಮುಂದೆ ಮೊದಲೇ ಬಾಕಿಯಿದ್ದರೆ ಅದು ಅಲ್ಲಿಯೇ ಮುಂದುವರಿಯುತ್ತದೆ ಎಂದಷ್ಟೇ ಅದು ಹೇಳುತ್ತದೆ. ಸಮಿತಿ ತನ್ನ ಕೆಲಸ ಮುಗಿಸಿದ ಬಳಿಕ ಅಲ್ಲಿನ ಹೇಳಿಕೆಗಳು ಲೋಕಪಾಲಕ್ಕೆ ಹೇಗೆ ಬರಬೇಕು, ಸ್ಪೀಕರ್ ಅನುಮತಿ ಯಾವ ಅವಧಿಯಲ್ಲಿ ಸಿಗಬೇಕು, ಆರೋಪಿತನಿಗೆ ಅದರ ಪ್ರತಿ ಯಾವಾಗ ದೊರೆಯಬೇಕು ಎಂಬುದರ ಬಗ್ಗೆ ಒಂದು ಮಾತೂ ಇಲ್ಲ. ಸದನದಲ್ಲಿ ಆಡಿದ ಮಾತು ಮತ್ತು ನೀಡಿದ ಮತದ ವಿಚಾರಣೆ ಲೋಕಪಾಲದ ವ್ಯಾಪ್ತಿಗೆ ಹೊರಗೆಂದು 14ನೆಯ ಪ್ರಕರಣವು ಹೇಳಿದ್ದರೂ, ಲಂಚ ಪಡೆದು ಮತ ಹಾಕಿದ ಶಾಸಕರಿಗೆ ಸಂವಿಧಾನದ ರಕ್ಷೆಯಿಲ್ಲವೆಂದು 2024ರ ಮಾರ್ಚ್ 4ರಂದು ಸೀತಾ ಸೊರೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತ ಮೇಲೆ ಈ ಮೌನ ಇನ್ನಷ್ಟು ಎದ್ದುಕಾಣುತ್ತದೆ.

ಆ ಮೌನ ಪರೀಕ್ಷೆಗೊಳಗಾದದ್ದು 2023ರ ಅಕ್ಟೋಬರ್‌ನಲ್ಲಿ. ಪ್ರಶ್ನೆ ಕೇಳಲು ಹಣ ಮತ್ತು ಉಡುಗೊರೆ ಪಡೆದರೆಂದು ಪಶ್ಚಿಮ ಬಂಗಾಳದ ಸಂಸದೆ ಮಹುವಾ ಮೊಯಿತ್ರಾ ಅವರ ವಿರುದ್ಧ ಇನ್ನೊಬ್ಬ ಸಂಸದ ನಿಶಿಕಾಂತ್ ದುಬೆಯವರು ಸ್ಪೀಕರ್ ಅವರಿಗೂ ಲೋಕಪಾಲಕ್ಕೂ ದೂರು ಸಲ್ಲಿಸಿದರು. ಆರೋಪವನ್ನು ಮೊಯಿತ್ರಾ ಅವರು ಮೊದಲಿನಿಂದಲೂ ಅಲ್ಲಗಳೆದಿದ್ದಾರೆ. ಲೋಕಸಭೆಯ ನೈತಿಕ ಸಮಿತಿಯು ಉದ್ಯಮಿಯೊಬ್ಬರ ಪ್ರಮಾಣಪತ್ರವನ್ನೂ ಸಚಿವಾಲಯಗಳ ಮಾಹಿತಿಯನ್ನೂ ಆಧರಿಸಿ ಉಚ್ಚಾಟನೆಗೆ ಶಿಫಾರಸು ಮಾಡಿತು, ಜೊತೆಗೆ ಸರ್ಕಾರವು ಕಾಲಮಿತಿಯ ತನಿಖೆ ನಡೆಸಬೇಕೆಂದೂ ಹೇಳಿತು. ಡಿಸೆಂಬರ್ 8ರಂದು ಸದನ ಉಚ್ಚಾಟಿಸಿತು. ಪ್ರಮಾಣಪತ್ರ ಕೊಟ್ಟವರಿಗೆ ಪಾಟಿ ಸವಾಲು ಹಾಕಲು ತಮಗೆ ಅವಕಾಶ ಸಿಗಲಿಲ್ಲವೆಂಬುದು ಮೊಯಿತ್ರಾ ಅವರ ಮುಖ್ಯ ಆಕ್ಷೇಪವಾಗಿತ್ತು. 2024ರ ಮಾರ್ಚ್ 19ರಂದು ಲೋಕಪಾಲವು ಸಿಬಿಐ ತನಿಖೆಗೆ ಆದೇಶಿಸಿತು. 2025ರ ನವೆಂಬರ್‌ನಲ್ಲಿ ದೋಷಾರೋಪ ಪಟ್ಟಿಗೆ ಮಂಜೂರಾತಿ ನೀಡಿತು. ಆ ಮಂಜೂರಾತಿಯನ್ನು ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ರದ್ದುಗೊಳಿಸಿ, 20ನೆಯ ಪ್ರಕರಣಕ್ಕೆ ಅನುಗುಣವಾಗಿ ಮತ್ತೆ ಪರಿಶೀಲಿಸುವಂತೆ ಕಡತವನ್ನು ವಸಂತ್ ಕುಂಜ್‌ಗೇ ಹಿಂದಿರುಗಿಸಿತು. ತಮ್ಮ ಉತ್ತರವನ್ನು ಮಂಜೂರಾತಿಗೆ ಮೊದಲು ಪರಿಗಣಿಸಲಿಲ್ಲವೆಂಬುದೇ ಹೈಕೋರ್ಟಿನಲ್ಲಿ ಮೊಯಿತ್ರಾ ಅವರ ವಾದವಾಗಿತ್ತು. ಆರೋಪದ ಸತ್ಯಾಸತ್ಯ ಏನೇ ಇರಲಿ, ಎರಡು ಭಿನ್ನ ವೇದಿಕೆಗಳಲ್ಲಿ ಎತ್ತಿದ ಆಕ್ಷೇಪದ ತಿರುಳು ಒಂದೇ ಆಗಿತ್ತು. ಅದಕ್ಕೆ ಪರಿಹಾರ ದೊರೆತದ್ದು ಶಾಸನದ ಲಿಖಿತ ವಿಧಿಯಿದ್ದ ಕಡೆ.

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. 1984ರ ಲೋಕಾಯುಕ್ತ ಕಾಯ್ದೆಯಡಿ ರಾಜ್ಯ ಸರ್ಕಾರ ಒಪ್ಪಿಸಿದ ಗಣಿಗಾರಿಕೆ ವಿಚಾರಣೆಯಲ್ಲಿ ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರ್‌ನಲ್ಲಿ ಮೊದಲ ವರದಿಯನ್ನೂ 2011ರ ಜುಲೈ 27ರಂದು ಅಂತಿಮ ವರದಿಯನ್ನೂ ನೀಡಿದರು, ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡವು ಬಳ್ಳಾರಿಯಿಂದ ಬೇಲೆಕೇರಿ ಬಂದರಿನವರೆಗೆ ಅದಿರಿನ ಲಾರಿಗಳ ರಹದಾರಿಗಳನ್ನೂ ಬಂದರಿನ ರಫ್ತು ಲೆಕ್ಕವನ್ನೂ ತಾಳೆ ನೋಡಿ ಸಿದ್ಧಪಡಿಸಿದ ಆಧಾರಗಳು ಸಾರ್ವಜನಿಕ ಸೇವೆಯ ಅಪೂರ್ವ ಸಾಧನೆಗಳಲ್ಲಿ ಎಣಿಸತಕ್ಕವು. ಆದರೂ 2012ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್, ವರದಿಯ ಆಧಾರದ ಮೇಲೆ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರ ವಿರುದ್ಧ ದಾಖಲಾಗಿದ್ದ ಪ್ರಥಮ ವರ್ತಮಾನ ವರದಿಯನ್ನು ರದ್ದುಮಾಡಿತು. ವರದಿ ಬರೆಯುವ ಮೊದಲು ಅವರಿಗೆ ನೋಟಿಸು ಕೊಟ್ಟು ಅಹವಾಲು ಕೇಳಿರಲಿಲ್ಲ ಎಂಬುದೇ ಪ್ರಧಾನ ಕಾರಣ. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಅರ್ಜಿಯಲ್ಲಿ, ಕೇಂದ್ರ ಉನ್ನತಾಧಿಕಾರ ಸಮಿತಿಯ ಶಿಫಾರಸಿನಂತೆ ಸುಪ್ರೀಂ ಕೋರ್ಟ್ ಅದೇ ವರ್ಷದ ಮೇ 11ರಂದು ಸಿಬಿಐ ತನಿಖೆಗೆ ಆದೇಶಿಸಿತು. ಅಲ್ಲಿ ಎಲ್ಲವನ್ನೂ ಮೊದಲಿನಿಂದ ಸಾಬೀತುಪಡಿಸಬೇಕಾಯಿತು. 2016ರ ಅಕ್ಟೋಬರ್ 26ರಂದು ವಿಶೇಷ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ವಿಧಾನಮಂಡಲದ ಸ್ವಂತ ತನಿಖೆಯ ಉದಾಹರಣೆಯಾದ ಎ.ಟಿ. ರಾಮಸ್ವಾಮಿಯವರ ಜಂಟಿ ಸದನ ಸಮಿತಿಯು 2007ರಲ್ಲಿ ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನಿನ ಒತ್ತುವರಿಯನ್ನು ಸರ್ವೆ ನಂಬರುಗಳ ಸಮೇತ ಬಯಲಿಗೆಳೆದಿತ್ತು. ಅಂಥ ಪ್ರಕರಣಗಳನ್ನು ವಿಚಾರಿಸುವ ಭೂಕಬಳಿಕೆ ನಿಷೇಧ ವಿಶೇಷ ನ್ಯಾಯಾಲಯ ಕೆಲಸ ಆರಂಭಿಸಿದ್ದು 2016ರಲ್ಲಿ; ಒಂಬತ್ತು ವರ್ಷಗಳ ಈ ಅಂತರದಲ್ಲಿ ಜಮೀನುಗಳ ಮೇಲೆ ಎದ್ದ ಕಟ್ಟಡಗಳನ್ನು ಯಾವ ವರದಿಯೂ ತಡೆಯಲಿಲ್ಲ.

ವಸಂತ್ ಕುಂಜ್‌ನ ಸಂಸ್ಥೆಯೂ ತನ್ನ ಅರ್ಧ ಅಂಗವಿಲ್ಲದೆಯೇ ಬಹುಕಾಲ ನಡೆಯಿತು. ಕಾಯ್ದೆಯ 12ನೆಯ ಪ್ರಕರಣ ಕಲ್ಪಿಸಿದ ಅಭಿಯೋಜನಾ ವಿಭಾಗವು, ಎಂದರೆ ಲೋಕಪಾಲದ ಪರವಾಗಿ ವಿಶೇಷ ನ್ಯಾಯಾಲಯದಲ್ಲಿ ಮೊಕದ್ದಮೆ ನಡೆಸುವ ಸ್ವಂತ ವಕೀಲರ ವಿಭಾಗವು, ರೂಪುಗೊಂಡದ್ದು ಶಾಸನ ಜಾರಿಗೆ ಬಂದು ಹನ್ನೊಂದು ವರ್ಷ ಕಳೆದ ಮೇಲೆ, 2025ರಲ್ಲಿ, ನ್ಯಾಯಮೂರ್ತಿ ಎ.ಎಂ. ಖಾನ್ವಿಲ್ಕರ್ ಅವರ ಅಧ್ಯಕ್ಷತೆಯಲ್ಲಿ. ಅದೇ ವರ್ಷದ ಜನವರಿ 16ರಂದು ಸಂಸ್ಥೆಯು ಮೊದಲ ಬಾರಿಗೆ ಸ್ಥಾಪನಾ ದಿನವನ್ನು ಆಚರಿಸಿದಾಗ ಸನ್ಮಾನಿತರಾದವರಲ್ಲಿ ಸಂತೋಷ್ ಹೆಗ್ಡೆಯವರೂ ಇದ್ದರು. ಅಭಿಯೋಜನಾ ವಿಭಾಗ ಬಂದುದರಿಂದ ವಿಚಾರಣೆಯಿಂದ ಮೊಕದ್ದಮೆಯವರೆಗಿನ ಹಾದಿ ಒಂದೇ ಸೂರಿನಡಿ ಪೂರ್ಣಗೊಂಡಂತಾಯಿತು. ಸಂಸತ್ ಭವನದ ಸಮಿತಿ ಕೊಠಡಿಯಿಂದ ಈ ಸೂರಿನವರೆಗಿನ ಹಾದಿಗೆ ಬೇಕಾಗಿರುವುದು ಸಂವಿಧಾನದ ತಿದ್ದುಪಡಿಯಲ್ಲ. ಸಮಿತಿಯು ಅಪರಾಧದ ಶಂಕೆ ವ್ಯಕ್ತಪಡಿಸಿದ ಪ್ರಕರಣಗಳಲ್ಲಿ ಮೂಲ ದಾಖಲೆಗಳನ್ನು ನಿರ್ದಿಷ್ಟ ಅವಧಿಯೊಳಗೆ ಲೋಕಪಾಲಕ್ಕೆ ಕಳುಹಿಸಲು ಸ್ಪೀಕರ್ ಅನುಮತಿ ನೀಡುವ, ಹೇಳಿಕೆಗಳನ್ನು ಪುರಾವೆಯಾಗಿ ಅಲ್ಲದೆ ಸುಳಿವಾಗಿ ಮಾತ್ರ ಬಳಸಬೇಕೆನ್ನುವ, ಆರೋಪಿತನಿಗೆ ಅದೇ ದಿನ ಅವುಗಳ ಪ್ರತಿ ಕೊಡಬೇಕೆನ್ನುವ ಒಂದು ಉಪನಿಯಮವನ್ನು ಲೋಕಸಭೆಯ ನಿಯಮಾವಳಿಗೆ ಸೇರಿಸಿದರೆ ಸಾಕು. 275ನೆಯ ನಿಯಮದಲ್ಲಿ ಸ್ಪೀಕರ್ ಅವರಿಗೆ ಈಗಾಗಲೇ ಇರುವ ಅಧಿಕಾರವು ಅದಕ್ಕೆ ಆಧಾರವಾಗಬಲ್ಲದು. ಲೋಕಸಭೆಯ ನಿಯಮ ಸಮಿತಿಯು ಅದನ್ನು ಕೈಗೆತ್ತಿಕೊಳ್ಳಲು ಯಾವ ಅಡ್ಡಿಯೂ ಇಲ್ಲ.